ಮಲೆನಾಡಿನ ಮನೆಗೆ ಕಡಿಮೆ ಖರ್ಚಿನ ಪ್ರೊಜೆಕ್ಟರ್: ಡಬ್ಬಿ ನೋಡುವ ಮುಂಚೆ ಗೋಡೆ ನೋಡಿ

“ಇಪ್ಪತ್ತು ಸಾವಿರದೊಳಗೆ ಯಾವ ಪ್ರೊಜೆಕ್ಟರ್ ತಗೊಳ್ಳೋದು ಹೇಳಿ ಮಾರಾಯ್ರೆ.” ಸಾಗರದವರೂ ಇದನ್ನೇ ಕೇಳುತ್ತಾರೆ, ತೀರ್ಥಹಳ್ಳಿಯವರೂ ಇದನ್ನೇ ಕೇಳುತ್ತಾರೆ, ಶಿವಮೊಗ್ಗ ಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದವರಂತೂ ಗೃಹಪ್ರವೇಶದ ಮುಂಚೆಯೇ ಕೇಳುತ್ತಾರೆ. ಒಂದು ಮಾಡೆಲ್ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಇವತ್ತು ಹೇಳಿದ ಮಾಡೆಲ್ ಮುಂದಿನ ಮಳೆಗಾಲದ ಹೊತ್ತಿಗೆ ಅಂಗಡಿಯಲ್ಲೇ ಇರುವುದಿಲ್ಲ. ಸಾಲದ್ದಕ್ಕೆ, ಅದೇ ಮಾಡೆಲ್ ಒಂದು ಮನೆಯಲ್ಲಿ ಚೆನ್ನಾಗಿ ಕಂಡು ಇನ್ನೊಂದು ಮನೆಯಲ್ಲಿ ಮಂಕಾಗುತ್ತದೆ. ಹಾಗಾಗಿ ಇಲ್ಲಿ ಹೇಳುವುದು ಆರಿಸುವ ಕ್ರಮ.

ನಮ್ಮ ಕಡೆಯ ಮನೆಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲ, ಎರಡು ಕಾಟ. ಹಳೇ ಮನೆಗಳ ಒಳಕೋಣೆ ಮೊದಲೇ ಕತ್ತಲು, ಪ್ರೊಜೆಕ್ಟರಿಗೆ ಬೇಕಾದದ್ದೂ ಅದೇ. ಕಾಟ ಕೊಡುವುದು ಥಂಡಿ ಮತ್ತು ಕರೆಂಟು. ಬೆಂಗಳೂರಿನಲ್ಲಿ ಕೂತು ಮಾಡಿದ ವಿಡಿಯೋಗಳಲ್ಲಿ ಇವೆರಡರ ಮಾತು ಸಾಮಾನ್ಯವಾಗಿ ಬರುವುದಿಲ್ಲ.

ಶುರು ಮಾಡಲು ಒಂದು ಅಳತೆ ಟೇಪು, ಒಂದಿಷ್ಟು ಹಳೇ ಪೇಪರು, ಅಂಟುವ ಟೇಪು, ಒಂದು ಪೆನ್‌ಡ್ರೈವ್ ಇದ್ದರೆ ಸಾಕು.

1. ನಿಮಗೆ ಬೇಕಿರುವುದು ಪ್ರೊಜೆಕ್ಟರೋ ಟಿವಿಯೋ ತೀರ್ಮಾನಿಸಿ

ಮನೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ನೋಡುತ್ತಾರೆ? ಮಧ್ಯಾಹ್ನದ ಸೀರಿಯಲ್, ಹಗಲು ಹೊತ್ತಿನ ಕ್ರಿಕೆಟ್, ಬೆಳಗಿನ ಸುದ್ದಿ, ಇವೇ ಮುಖ್ಯ ಅಂತಾದರೆ ಟಿವಿಯನ್ನೇ ತಗೊಳ್ಳಿ. 43 ಇಂಚಿನ ಸಾಧಾರಣ ಟಿವಿ ಹಗಲಿನಲ್ಲಿ ಕೊಡುವ ಚಿತ್ರವನ್ನು ಕಡಿಮೆ ಬೆಲೆಯ ಯಾವ ಪ್ರೊಜೆಕ್ಟರೂ ಕೊಡುವುದಿಲ್ಲ. ಪ್ರೊಜೆಕ್ಟರ್ ರಾತ್ರಿಯ ಸಾಮಾನು. ಊಟ ಆದಮೇಲೆ ದೀಪ ಆರಿಸಿ ಸಿನಿಮಾ ನೋಡುವವರಿಗೆ, ಯಕ್ಷಗಾನದ ರೆಕಾರ್ಡಿಂಗನ್ನು ದೊಡ್ಡದಾಗಿ ನೋಡುವ ಆಸೆ ಇರುವವರಿಗೆ, ಹಬ್ಬಕ್ಕೆ ಬಂದ ಹತ್ತು ಮಂದಿ ಒಟ್ಟಿಗೆ ಕೂರುವ ಮನೆಗೆ ಅದು ಹೇಳಿ ಮಾಡಿಸಿದ್ದು.

ಇರುವ ಟಿವಿಯನ್ನು ಮಾರಿ ಪ್ರೊಜೆಕ್ಟರ್ ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎರಡೂ ಇರಲಿ.

2. ಕೋಣೆ ಅಳೆಯಿರಿ

ಪರದೆಯ ಅಳತೆ ಅಂದರೆ ಮೂಲೆಯಿಂದ ಮೂಲೆಗೆ, ಓರೆಯಾಗಿ. ಅಗಲ, ಎತ್ತರ ಲೆಕ್ಕ ಹಾಕಿದರೆ ಹೀಗಾಗುತ್ತದೆ:

80 ಇಂಚು: ಅಗಲ 5 ಅಡಿ 10 ಇಂಚು, ಎತ್ತರ 3 ಅಡಿ 3 ಇಂಚು
100 ಇಂಚು: ಅಗಲ 7 ಅಡಿ 3 ಇಂಚು, ಎತ್ತರ 4 ಅಡಿ 1 ಇಂಚು
120 ಇಂಚು: ಅಗಲ 8 ಅಡಿ 9 ಇಂಚು, ಎತ್ತರ 4 ಅಡಿ 11 ಇಂಚು

ಹಳೇ ಪೇಪರುಗಳನ್ನು ಈ ಅಳತೆಗೆ ಗೋಡೆಗೆ ಅಂಟಿಸಿ, ನೀವು ದಿನಾ ಕೂರುವ ಜಾಗದಲ್ಲಿ ಕೂತು ನೋಡಿ. 120 ಇಂಚು ಬೇಕು ಅಂತ ಹೊರಟವರಲ್ಲಿ ಹೆಚ್ಚಿನವರು ಇಲ್ಲೇ 100ಕ್ಕೆ ಇಳಿಯುತ್ತಾರೆ. 100 ಇಂಚಿನ ಪರದೆಗೆ ಒಂಬತ್ತರಿಂದ ಹನ್ನೊಂದು ಅಡಿ ದೂರ ಕೂತರೆ ಕಣ್ಣಿಗೆ ಹಿತ. ಅದಕ್ಕಿಂತ ಹತ್ತಿರ ಕೂರುವುದಾದರೆ ಪರದೆ ಚಿಕ್ಕದು ಮಾಡಿಕೊಳ್ಳಿ.

ಈಗ ಪ್ರೊಜೆಕ್ಟರ್ ಎಷ್ಟು ಹಿಂದೆ ಇರಬೇಕು ಅನ್ನುವುದು. ಇದಕ್ಕೆ ‘ಥ್ರೋ ರೇಶಿಯೋ’ ಎಂಬ ಸಂಖ್ಯೆ ಇರುತ್ತದೆ. ಪರದೆಯ ಅಗಲವನ್ನು ಆ ಸಂಖ್ಯೆಯಿಂದ ಗುಣಿಸಿದರೆ ಲೆನ್ಸಿನಿಂದ ಗೋಡೆಗೆ ಬೇಕಾದ ದೂರ ಸಿಗುತ್ತದೆ. ಕಡಿಮೆ ಬೆಲೆಯ ಎಲ್‌ಇಡಿ ಪ್ರೊಜೆಕ್ಟರುಗಳಲ್ಲಿ ಇದು ಹೆಚ್ಚಾಗಿ 1.2ರಿಂದ 1.4ರ ನಡುವೆ. 1.25 ಇದ್ದರೆ 100 ಇಂಚಿಗೆ ಸುಮಾರು 9 ಅಡಿ, 1.4 ಇದ್ದರೆ 10 ಅಡಿಗೆ ಸ್ವಲ್ಪ ಹೆಚ್ಚು. ಪ್ರೊಜೆಕ್ಟರಿನ ಉದ್ದ, ಅದರ ಹಿಂದೆ ಬಿಸಿಗಾಳಿ ಹೋಗಲು ಮತ್ತು ಕೇಬಲಿಗೆ ಒಂದಡಿ ಸೇರಿಸಿಕೊಳ್ಳಿ. ಹತ್ತು ಅಡಿ ಆಳದ ಕೋಣೆಯಲ್ಲಿ 1.4ರ ಪ್ರೊಜೆಕ್ಟರ್ ಇಟ್ಟರೆ 100 ಇಂಚು ಬರುವುದೇ ಇಲ್ಲ, 80ಕ್ಕೆ ತೃಪ್ತಿಪಡಬೇಕು. ಡಬ್ಬಿಯ ಮೇಲೆ ‘200 ಇಂಚಿನವರೆಗೆ’ ಅಂತ ಬರೆದಿರುತ್ತದೆ. ಅಷ್ಟು ದೊಡ್ಡ ಚಿತ್ರ ಬೀಳಲು ನಿಮ್ಮ ಪ್ರೊಜೆಕ್ಟರ್ ಪಕ್ಕದ ಮನೆಯಲ್ಲಿರಬೇಕಾಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ. ಪ್ರೊಜೆಕ್ಟರನ್ನು ಸೈಡಿನಲ್ಲಿ ಅಥವಾ ತುಂಬಾ ಕೆಳಗೆ ಇಟ್ಟು, ಓರೆಯಾದ ಚಿತ್ರವನ್ನು ‘ಕೀಸ್ಟೋನ್’ನಿಂದ ಸರಿ ಮಾಡಿಕೊಂಡರಾಯಿತು ಅಂದುಕೊಳ್ಳುತ್ತಾರೆ. ಕೀಸ್ಟೋನ್ ಅಂದರೆ ಓರೆ ಚಿತ್ರವನ್ನು ಒಳಗಿನ ಸಾಫ್ಟ್‌ವೇರ್ ಕತ್ತರಿಸಿ ಚೌಕ ಮಾಡುವುದು. ಕತ್ತರಿಸಿದಷ್ಟೂ ಚುಕ್ಕೆಗಳು ನಷ್ಟ, ಅಕ್ಷರಗಳ ಅಂಚು ಮಸುಕು. ಸ್ವಲ್ಪ ಬಳಸಿದರೆ ತೊಂದರೆಯಿಲ್ಲ. ಆದರೆ ಜಾಗ ಗುರುತು ಮಾಡುವಾಗ ಲೆನ್ಸು ಪರದೆಯ ನಟ್ಟನಡುವಿನ ಗೆರೆಗೆ ನೇರವಾಗಿ ಇರುವಂತೆ ನೋಡಿಕೊಳ್ಳಿ. ಕೆಲವು ಪ್ರೊಜೆಕ್ಟರುಗಳು ಬೆಳಕನ್ನು ಸ್ವಲ್ಪ ಮೇಲ್ಮುಖವಾಗಿಯೇ ಬಿಡುತ್ತವೆ. ಕೊಳ್ಳುವಾಗ ಅದನ್ನೂ ಕೇಳಿ, ಇಲ್ಲದಿದ್ದರೆ ಸ್ಟೂಲಿನ ಎತ್ತರ ತಪ್ಪುತ್ತದೆ.

ಹಂಚಿನ ಮನೆಯವರಿಗೆ ಒಂದು ಮಾತು. ಮಾಡಿಗೆ ತೂಗುಹಾಕಬೇಡಿ. ಕೆಳಗೆ ಹಲಗೆಯ ಮುಚ್ಚಿಗೆ ಇದ್ದರೆ ಸರಿ, ಬರೀ ರೀಪು-ಹಂಚು ಇದ್ದರೆ ಧೂಳು ಬೀಳುತ್ತದೆ. ಜೊತೆಗೆ ಮಂಗ ಒಂದು ಹಂಚು ಸರಿಸಿ ಹೋದ ದಿನ ಸೋರುವುದು ನೇರ ಪ್ರೊಜೆಕ್ಟರಿನ ಮೇಲೆಯೇ. ಎತ್ತಿಡಲು ಬರುವ ಮೇಜು ಅಥವಾ ಹಿಂಗೋಡೆಯ ಶೆಲ್ಫು ನಮ್ಮ ಕಡೆಗೆ ಒಳ್ಳೆಯದು. ನಾಗಂದಿಗೆ ಇದ್ದರೆ ಇನ್ನೂ ಅನುಕೂಲ, ಎತ್ತರ ಹೊಂದಿದರೆ ಮಾತ್ರ.

3. ಬೆಳಕಿನ ಲೆಕ್ಕ: ಮೋಸ ಹೆಚ್ಚಾಗಿ ನಡೆಯುವುದು ಇಲ್ಲೇ

ಬೆಳಕನ್ನು ಲುಮೆನ್‌ಗಳಲ್ಲಿ ಅಳೆಯುತ್ತಾರೆ. ಆದರೆ ಲುಮೆನ್ ಅಂತ ಬರೆದದ್ದೆಲ್ಲ ಒಂದೇ ಅಲ್ಲ. ನಂಬಬಹುದಾದ್ದು ‘ಆನ್ಸಿ ಲುಮೆನ್’ ಅಥವಾ ‘ಐಎಸ್‌ಒ ಲುಮೆನ್’. ಆನ್ಸಿ ಅಂದರೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಹೆಸರಿನಲ್ಲಿರುವ ಅಳತೆ. ಪರದೆಯ ಮೇಲೆ ಒಂಬತ್ತು ಕಡೆ ಬೆಳಕು ಅಳೆದು ಸರಾಸರಿ ತೆಗೆಯುತ್ತಾರೆ, ಅಂದರೆ ಲೆನ್ಸಿನಿಂದ ಹೊರಬಂದು ಗೋಡೆಗೆ ತಲುಪಿದ ಬೆಳಕು. ಡಬ್ಬಿಯ ಮೇಲೆ ಬರೀ ‘9000 ಲುಮೆನ್’ ಅಂತಲೋ ‘ಎಲ್‌ಇಡಿ ಲುಮೆನ್’ ಅಂತಲೋ ಇದ್ದರೆ ಅದು ಯಾವ ಅಳತೆಯೂ ಅಲ್ಲ, ಅಲಂಕಾರ. ಹಾಗೆ ಬರೆದ ಎಷ್ಟೋ ಪ್ರೊಜೆಕ್ಟರುಗಳಿಂದ ನಿಜಕ್ಕೂ ಬರುವುದು ಎರಡು-ಮೂರು ನೂರು ಆನ್ಸಿ ಲುಮೆನ್.

ಹಾಗಂತ ಎರಡು-ಮೂರು ನೂರು ಕೆಲಸಕ್ಕೆ ಬಾರದ್ದೇನಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ದುಡ್ಡು ಉಳಿಯುವುದು ಈ ಲೆಕ್ಕದಲ್ಲೇ.

ಡಿಜಿಟಲ್ ಚಿತ್ರಮಂದಿರಗಳ ಪರದೆಗೆ ಒಪ್ಪಿಕೊಂಡಿರುವ ಹೊಳಪನ್ನು ಸರಳ ಮಾಡಿ ಹೇಳಿದರೆ, ಸಾಧಾರಣ ಬಿಳಿ ಪರದೆಯ ಪ್ರತಿ ಚದರ ಅಡಿಗೆ 14 ಲುಮೆನ್. 80 ಇಂಚಿನ ಪರದೆ ಸುಮಾರು 19 ಚದರ ಅಡಿ, ಹಾಗಾಗಿ 266 ಲುಮೆನ್ ಸಾಕು. 100 ಇಂಚು ಅಂದರೆ 30 ಚದರ ಅಡಿ, 420 ಲುಮೆನ್. 120 ಇಂಚು ಅಂದರೆ 43 ಚದರ ಅಡಿ, 600 ಲುಮೆನ್. ಕಂಪನಿ ಹೇಳುವ ಅಂಕಿ ಅತಿ ಜೋರಾದ ಮೋಡ್‌ನದು. ಬಣ್ಣ ಸರಿಯಾಗಿರುವ ಸಿನಿಮಾ ಮೋಡ್‌ಗೆ ಹಾಕಿದಾಗ ಬೆಳಕು ಇಳಿಯುತ್ತದೆ. ಹಾಗಾಗಿ ಮೂರರಲ್ಲೊಂದು ಪಾಲು ಹೆಚ್ಚಿಗೆ ಹಿಡಿಯಿರಿ: 80ಕ್ಕೆ 350, 100ಕ್ಕೆ 550, 120ಕ್ಕೆ 800.

ಈ ಲೆಕ್ಕ ಪೂರಾ ಕತ್ತಲ ಕೋಣೆಯದು. ಒಂದು ಟ್ಯೂಬ್‌ಲೈಟ್ ಹಾಕಿಟ್ಟರೆ ಲೆಕ್ಕ ತಲೆಕೆಳಗು. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಚಿತ್ರದೊಳಗಿನ ಕಪ್ಪು ಅಂದರೆ ದೀಪ ಆರಿಸಿದಾಗ ನಿಮ್ಮ ಗೋಡೆ ಎಷ್ಟು ಕಪ್ಪಗಿದೆಯೋ ಅಷ್ಟೇ. ಅಡುಗೆಮನೆಯ ಬೆಳಕು ಗೋಡೆಗೆ ಬೀಳುತ್ತಿದ್ದರೆ ರಾತ್ರಿಯ ದೃಶ್ಯಗಳೆಲ್ಲ ಬೂದು. ಆದ್ದರಿಂದ ಐದು ಸಾವಿರ ಹೆಚ್ಚು ಕೊಟ್ಟು ನೂರು ಲುಮೆನ್ ಹೆಚ್ಚು ತರುವುದಕ್ಕಿಂತ ಎರಡು ಸಾವಿರಕ್ಕೆ ದಪ್ಪ ಕರ್ಟನ್ ಹಾಕಿಸುವುದು ಜಾಣತನ. ಹಳೇ ಮನೆಯಾದರೆ ಗಾಜಿನ ಹಂಚು, ಬೆಳಕಿಂಡಿ ಎಲ್ಲಿವೆ ನೋಡಿಕೊಳ್ಳಿ. ರಾತ್ರಿ ಅವುಗಳಿಂದ ತೊಂದರೆಯಿಲ್ಲ, ಭಾನುವಾರ ಮಧ್ಯಾಹ್ನ ನೋಡುವವರಿಗೆ ಅವೇ ಶತ್ರು. ಮೆತ್ತಿನ ಮೇಲೆ ಕಿಟಕಿ ಚಿಕ್ಕದಾಗಿರುವ ಕೋಣೆ ಇದ್ದರೆ ಅದನ್ನೇ ಆರಿಸಿ. ಪೇಟೆಯ ತಾರಸಿ ಮನೆಗಳ ದೊಡ್ಡ ಕಿಟಕಿಯ ಹಾಲಿಗಿಂತ ಅದು ಎಷ್ಟೋ ಮೇಲು.

ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅಂತರ) ಅಂತ ಬರೆದಿರುವ ‘10000:1’ ತರಹದ ಅಂಕಿಗಳನ್ನು ಓದಲೇಬೇಡಿ.

4. ಚಿತ್ರದ ಚುಕ್ಕೆಗಳು

ಚಿತ್ರ ಚುಕ್ಕೆಗಳಿಂದ ಆಗಿರುತ್ತದೆ. ಪ್ರೊಜೆಕ್ಟರಿನ ಒಳಗೆ ನಿಜವಾಗಿ ಎಷ್ಟು ಚುಕ್ಕೆಗಳಿವೆ ಅನ್ನುವುದು ‘ನೇಟಿವ್ ರೆಸಲ್ಯೂಶನ್’. ಫುಲ್ ಎಚ್‌ಡಿ ಅಂದರೆ 1920×1080, ಸುಮಾರು 20 ಲಕ್ಷ ಚುಕ್ಕೆ. 4ಕೆ ಅಂದರೆ 3840×2160, ಅದರ ನಾಲ್ಕು ಪಟ್ಟು.

‘4ಕೆ ಸಪೋರ್ಟ್’ ಎಂಬ ಮಾತಿಗೆ ಮರುಳಾಗಬೇಡಿ. 4ಕೆ ಫೈಲ್ ಕೊಟ್ಟರೆ ಒಳಗೆ ಬಿಟ್ಟುಕೊಳ್ಳುತ್ತದೆ ಅಂತ ಮಾತ್ರ ಅದರ ಅರ್ಥ. ತೋರಿಸುವುದು ತನ್ನಲ್ಲಿರುವಷ್ಟೇ ಚುಕ್ಕೆಗಳಲ್ಲಿ. ತೀರಾ ಅಗ್ಗದವುಗಳಲ್ಲಿ ‘1080ಪಿ ಸಪೋರ್ಟ್’ ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ನೇಟಿವ್ 1280×720 ಅಂತಲೋ ಅದಕ್ಕೂ ಕಡಿಮೆಯೋ ಬರೆದಿರುತ್ತದೆ. ಆ ಸಣ್ಣ ಅಕ್ಷರ ಓದಿ. 80 ಇಂಚಿಗಿಂತ ದೊಡ್ಡ ಚಿತ್ರ ಬೇಕಿದ್ದರೆ ನೇಟಿವ್ 1080ಕ್ಕಿಂತ ಕಡಿಮೆ ತಗೊಳ್ಳಬೇಡಿ. ಈ ಬಜೆಟ್‌ನಲ್ಲಿ ನಿಜವಾದ 4ಕೆ ಸಿಗುವುದಿಲ್ಲ, ಅದರ ಆಸೆಯೂ ಬೇಡ. ಹತ್ತಡಿ ದೂರದಿಂದ ಒಳ್ಳೆಯ ಫುಲ್ ಎಚ್‌ಡಿ ಸೊಗಸಾಗಿಯೇ ಕಾಣುತ್ತದೆ.

ಹೊಸದಾಗಿ ಕೇಳಿಬರುತ್ತಿರುವ ಎಚ್‌ಡಿಆರ್ (ಹೊಳಪು-ಕತ್ತಲಿನ ವ್ಯತ್ಯಾಸವನ್ನು ಇನ್ನೂ ಚೆನ್ನಾಗಿ ತೋರಿಸುವ ಬಗೆ) ಅನ್ನುವುದಕ್ಕೆ ಬೇಕಾದ ಹೊಳಪೇ ಈ ಬೆಲೆಯಲ್ಲಿ ಇರುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

5. ಯಾವ ಜಾತಿಯದು

ಒಂದೇ ಎಲ್‌ಸಿಡಿ ಗಾಜಿನ ಎಲ್‌ಇಡಿ ಪ್ರೊಜೆಕ್ಟರ್: ಹತ್ತರಿಂದ ಮೂವತ್ತು ಸಾವಿರದೊಳಗೆ ಸಿಗುವುದು ಹೆಚ್ಚುಕಡಿಮೆ ಇದೇ. ಎಲ್‌ಇಡಿಗೆ 20,000 ಗಂಟೆಗೂ ಹೆಚ್ಚಿನ ಬಾಳಿಕೆ ಹೇಳುತ್ತಾರೆ, ಬಲ್ಬು ಬದಲಿಸುವ ಖರ್ಚಿಲ್ಲ. ದೋಷ ಅಂದರೆ ಬೆಳಕು ಕಡಿಮೆ, ನಡುವೆ ಫೋಕಸ್ ಆದರೆ ಮೂಲೆ ಮಸುಕು. ಮುಖ್ಯವಾಗಿ ಇವುಗಳಲ್ಲಿ ಎರಡು ಬಗೆ ಇವೆ. ತೆರೆದ ಎಂಜಿನ್ ಮತ್ತು ಮುಚ್ಚಿದ ಎಂಜಿನ್ (ಎಂಜಿನ್ ಅಂದರೆ ದೀಪ, ಗಾಜು, ಲೆನ್ಸು ಕೂತಿರುವ ಒಳಭಾಗ). ತೆರೆದದ್ದರಲ್ಲಿ ಫ್ಯಾನ್ ಎಳೆದುಕೊಂಡ ಗಾಳಿ ನೇರ ಎಲ್‌ಸಿಡಿ ಗಾಜಿನ ಮೇಲೆ ಹೋಗುತ್ತದೆ, ಗಾಳಿಯೊಟ್ಟಿಗೆ ಧೂಳು, ಸಣ್ಣ ಹುಳ. ಗಾಜಿನ ಮೇಲೆ ಕೂತ ಒಂದು ಕಣ ಪರದೆಯ ಮೇಲೆ ಅಂಗೈಯಗಲದ ಕಲೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಹುಳಹುಪ್ಪಟೆ, ಬೇಸಿಗೆಯಲ್ಲಿ ಅಡಿಕೆ ಸಿಪ್ಪೆಯ ಧೂಳು ಇರುವ ನಮ್ಮ ಮನೆಗಳಿಗೆ ಮುಚ್ಚಿದ ಎಂಜಿನ್ನೇ ಬೇಕು. ವಿವರದಲ್ಲಿ ‘ಸೀಲ್ಡ್ ಆಪ್ಟಿಕಲ್ ಎಂಜಿನ್’ ಅಂತ ಬರೆದಿರಬೇಕು. ಎರಡು-ಮೂರು ಸಾವಿರ ಹೆಚ್ಚಾದರೂ ಇದಕ್ಕೆ ಕೊಡಿ. ಈ ಲೇಖನದಲ್ಲಿ ನಾನು ಹಟ ಹಿಡಿದು ಹೇಳುವುದು ಇದೊಂದನ್ನೇ.

ಡಿಎಲ್‌ಪಿ: ಲಕ್ಷಗಟ್ಟಲೆ ಪುಟಾಣಿ ಕನ್ನಡಿಗಳಿರುವ ಚಿಪ್‌ನಿಂದ ಚಿತ್ರ ಮೂಡುವ ಬಗೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಚಿಪ್ ಇದು. ಬೆನ್‌ಕ್ಯೂ, ವ್ಯೂಸಾನಿಕ್, ಆಪ್ಟೋಮಾ ಕಂಪನಿಗಳ ಹೆಚ್ಚಿನ ಪ್ರೊಜೆಕ್ಟರುಗಳು ಈ ಜಾತಿಯವು. ಅಂಚು ಚೊಕ್ಕ, ಧೂಳಿನ ಕಾಟ ಕಡಿಮೆ. ಬಣ್ಣದ ಚಕ್ರ ತಿರುಗಿಸುವ ಮಾಡೆಲ್‌ಗಳಲ್ಲಿ ಕೆಲವರ ಕಣ್ಣಿಗೆ ಕೆಂಪು-ಹಸಿರು-ನೀಲಿ ಮಿಂಚಿದಂತೆ ಕಾಣುತ್ತದೆ. ಎಲ್ಲರಿಗೂ ಕಾಣುವುದಿಲ್ಲ. ಹಾಗಾಗಿ ಮನೆಯವರೆಲ್ಲ ಒಮ್ಮೆ ನೋಡಿದ ಮೇಲೆಯೇ ತಗೊಳ್ಳಿ.

3ಎಲ್‌ಸಿಡಿ: ಎಪ್ಸನ್ ಇದಕ್ಕೆ ಹೆಸರುವಾಸಿ. ಮೂರು ಬಣ್ಣಕ್ಕೆ ಮೂರು ಗಾಜು. ಬಣ್ಣ ತುಂಬಿ ಬರುತ್ತದೆ, ಮಿಂಚುವ ಕಾಟವಿಲ್ಲ, ಬೆಳಕೂ ಧಾರಾಳ. ಬೆಲೆ ನಲವತ್ತು ಸಾವಿರದಿಂದ ಮೇಲಕ್ಕೆ. ಹೆಚ್ಚಿನವು ಬಲ್ಬಿನವು, ಬಲ್ಬು ಸಾಮಾನ್ಯವಾಗಿ ನಾಲ್ಕೈದು ಸಾವಿರ ಗಂಟೆ, ಕಡಿಮೆ ಬೆಳಕಿನಲ್ಲಿ ಇನ್ನೂ ಹೆಚ್ಚು ಬಾಳುತ್ತದೆ. ಹೊಸ ಬಲ್ಬಿನ ಬೆಲೆಯನ್ನು ಪ್ರೊಜೆಕ್ಟರ್ ಕೊಳ್ಳುವ ದಿನವೇ ವಿಚಾರಿಸಿ.

ಹಳೇದು ತಗೊಳ್ಳುವವರು ಎಚ್ಚರ. ಶಾಲೆ, ಕಚೇರಿಗಳಿಂದ ಹೊರಬಿದ್ದ 3000 ಲುಮೆನ್‌ನ ಪ್ರೊಜೆಕ್ಟರುಗಳು ಅಗ್ಗಕ್ಕೆ ಸಿಗುತ್ತವೆ. ಲುಮೆನ್ ನಿಜವೇ ಇರಬಹುದು, ಆದರೆ ಅನೇಕವುಗಳ ನೇಟಿವ್ 1024×768. ಪಾಠದ ಸ್ಲೈಡಿಗೆ ಸರಿ. ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹೋಗಿ ಉಳಿಯುವುದು 1024×576. ಮೆನುವಿನಲ್ಲಿ ಬಲ್ಬು ಎಷ್ಟು ಗಂಟೆ ಓಡಿದೆ ನೋಡಿ. ಪೂರಾ ಕಪ್ಪು ಚಿತ್ರ ಹಾಕಿ, ಡಿಎಲ್‌ಪಿಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಚಿಪ್ ಹೋಗುತ್ತಿದೆ ಅಂತ ಅರ್ಥ. ಪೂರಾ ಬಿಳಿ ಹಾಕಿದಾಗ ಎಲ್‌ಸಿಡಿಯಲ್ಲಿ ಹಳದಿ ಮಚ್ಚೆ ಕಂಡರೆ ಒಳಗಿನ ಪದರ ಸುಟ್ಟಿದೆ. ಎರಡನ್ನೂ ರಿಪೇರಿ ಮಾಡಿಸುವುದು ಲಾಭವಲ್ಲ.

6. ಪರದೆಯೋ ಗೋಡೆಯೋ

ಶುರುವಿಗೆ ಗೋಡೆಯೇ ಸಾಕು. ಪುಟ್ಟಿ ಹಾಕಿ ನಯ ಮಾಡಿಸಿ, ಹೊಳಪಿಲ್ಲದ ಬಿಳಿ ಎಮಲ್ಶನ್ ಬಳಿಸಿ. ಪೇಂಟ್ ಅಂಗಡಿಯಲ್ಲಿ ‘ಮ್ಯಾಟ್’ ಅಂತ ಕೇಳಿ. ಹೊಳೆಯುವ ಬಣ್ಣ ಬಳಿದರೆ ನಡುವೆ ಬೆಳಕಿನ ಗುಡ್ಡೆ ಕಾಣುತ್ತದೆ.

ಯಾವ ಗೋಡೆ ಅನ್ನುವುದು ನಮ್ಮಲ್ಲಿ ಸಣ್ಣ ಪ್ರಶ್ನೆಯಲ್ಲ. ಮಳೆ ಬಡಿಯುವ ಪಡುವಣ ಮತ್ತು ತೆಂಕಣ ಗೋಡೆಗಳು ಆಷಾಢದಲ್ಲಿ ನೀರು ಕುಡಿದು ಮಚ್ಚೆ ಬಿಡುತ್ತವೆ. ಹೊರಗೆ ಸೋಗೆಯ ತಟ್ಟಿ ಕಟ್ಟುವ ಗೋಡೆ ಯಾವುದೋ ಅದನ್ನು ಪರದೆಗೆ ಆರಿಸಬೇಡಿ. ಎರಡು ಕೋಣೆಗಳ ನಡುವಿನ ಒಳಗೋಡೆ ಸುರಕ್ಷಿತ. ಸುಣ್ಣ ಬಳಿದ ಮಣ್ಣಿನ ಗೋಡೆಯಾದರೆ ಉಬ್ಬುತಗ್ಗು ಹೆಚ್ಚು, ಅಲ್ಲಿ ಬಟ್ಟೆಯ ಪರದೆ ಬೇಕಾಗುತ್ತದೆ.

ಪರದೆ ಕೊಳ್ಳುವಾಗ ‘ಗೇನ್’ ಅಂತ ಕೇಳುತ್ತೀರಿ. ಬಿದ್ದ ಬೆಳಕನ್ನು ನೋಡುಗರ ಕಡೆಗೆ ಎಷ್ಟು ಹಿಂತಿರುಗಿಸುತ್ತದೆ ಅನ್ನುವ ಅಳತೆ. 1ರ ಆಸುಪಾಸಿನ ಸಾದಾ ಬಿಳಿ ಪರದೆ ಸಾಕು. ಬೆಳಕು ತಡೆಯುವ ವಿಶೇಷ ಪರದೆಗಳ ಬೆಲೆ ನಿಮ್ಮ ಪ್ರೊಜೆಕ್ಟರಿಗಿಂತ ಹೆಚ್ಚಿರಬಹುದು, ಅತ್ತ ನೋಡಬೇಡಿ. ಬಿಳಿ ಪಂಚೆ ಅಥವಾ ಬೆಡ್‌ಶೀಟ್ ಕಟ್ಟುವವರು ಹಿಂದೆ ಕಪ್ಪು ಬಟ್ಟೆ ಸೇರಿಸಿ ಬಿಗಿಯಾಗಿ ಎಳೆದು ಕಟ್ಟಿ, ಇಲ್ಲದಿದ್ದರೆ ಅರ್ಧ ಬೆಳಕು ಆಚೆ ಸೋರುತ್ತದೆ. ಸುತ್ತಿಡುವ ಪರದೆಯನ್ನು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುತ್ತಿಟ್ಟರೆ ಒಳಗೇ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಆಗಾಗ ಬಿಚ್ಚಿ ಗಾಳಿಯಾಡಿಸಿ.

7. ಸ್ಟಿಕ್ಕು, ಪೆನ್‌ಡ್ರೈವ್, ಶಬ್ದ

‘ಸ್ಮಾರ್ಟ್ ಪ್ರೊಜೆಕ್ಟರ್’ ಅಂತ ಬಂದದ್ದರಲ್ಲಿ ಎಲ್ಲ ಆ್ಯಪ್‌ಗಳೂ ಸರಿಯಾಗಿ ಓಡುತ್ತವೆ ಅಂತ ನಂಬಬೇಡಿ. ಸಿನಿಮಾ ಆ್ಯಪ್‌ಗಳು ಚೊಕ್ಕ ಚಿತ್ರ ಬಿಡುವ ಮುಂಚೆ ಯಂತ್ರದಲ್ಲಿ ‘ವೈಡ್‌ವೈನ್ ಎಲ್1’ ಎಂಬ ಕಳ್ಳನಕಲು ತಡೆಯುವ ಬೀಗ ಇದೆಯೋ ನೋಡುತ್ತವೆ. ಇಲ್ಲದಿದ್ದರೆ ಕೊಡುವುದು ಮಸುಕು ಚಿತ್ರ ಮಾತ್ರ, ಕೆಲವು ಆ್ಯಪ್ ತೆರೆಯುವುದೇ ಇಲ್ಲ. ಎರಡು ಎಚ್‌ಡಿಎಂಐ ತೂತು (ಚಿತ್ರ, ಶಬ್ದ ಎರಡೂ ಒಟ್ಟಿಗೆ ಬರುವ ಜಾಗ) ಇರುವ ಸಾದಾ ಪ್ರೊಜೆಕ್ಟರ್ ತಗೊಂಡು, ಫೈರ್ ಟಿವಿಯಂತಹ ಸ್ಟಿಕ್ (ಸಿನಿಮಾ ಆ್ಯಪ್‌ಗಳನ್ನು ಓಡಿಸುವ ಪುಟ್ಟ ಸಾಧನ) ಸಿಕ್ಕಿಸುವುದೇ ಕ್ಷೇಮ. ಸ್ಟಿಕ್ ಹಳತಾದರೆ ಅದನ್ನಷ್ಟೇ ಬದಲಿಸಬಹುದು.

ನೆಟ್ ಸರಿಯಿಲ್ಲದ ಊರಿನವರು ಪೆನ್‌ಡ್ರೈವ್ ನೆಚ್ಚಿಕೊಳ್ಳುತ್ತೀರಿ. ‘ಫ್ಯಾಟ್32’ ಮಾಡಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಚಿತ್ರ ಬಂದು ಶಬ್ದ ಬಾರದಿದ್ದರೆ ಪ್ರೊಜೆಕ್ಟರಿಗೆ ಡಾಲ್ಬಿ ಅಥವಾ ಡಿಟಿಎಸ್ ಧ್ವನಿ ಓದಲು ಬರುತ್ತಿಲ್ಲ ಅಂತ. ಯಂತ್ರ ಹಾಳಾಗಿದೆ ಅಂತ ಗಾಬರಿ ಬೀಳಬೇಡಿ, ಆ ಫೈಲನ್ನು ಸ್ಟಿಕ್ ಮೂಲಕವೋ ಲ್ಯಾಪ್‌ಟಾಪ್ ಮೂಲಕವೋ ಹಾಕಿ.

ಪ್ರೊಜೆಕ್ಟರಿನೊಳಗಿನ ಸ್ಪೀಕರ್ ನಿಮ್ಮ ತಲೆಯ ಹಿಂದಿನಿಂದ ಮಾತಾಡುತ್ತದೆ. ಮುಂದೆ ಹೀರೋ, ಹಿಂದೆ ಮಾತು. ಜೋರು ಮಳೆ ಶೀಟಿನ ಮಾಡಿಗೆ ಹೊಡೆಯುವಾಗ ಅದೂ ಕೇಳಿಸುವುದಿಲ್ಲ. ನಾಲ್ಕೈದು ಸಾವಿರದ ಸೌಂಡ್‌ಬಾರ್ ಅಥವಾ ಮನೆಯಲ್ಲೇ ಬಿದ್ದಿರುವ ಹಳೇ ಸ್ಪೀಕರ್ ಸೆಟ್ಟನ್ನು ಪರದೆಯ ಕೆಳಗೆ ಇಡಿ. ಬ್ಲೂಟೂತ್‌ನಲ್ಲಿ ತುಟಿ ಆಡಿದ ಮೇಲೆ ಮಾತು ಬರುವ ತೊಂದರೆ ಉಂಟು, ಹಾಗಾಗಿ ತಂತಿಯಲ್ಲೇ ಜೋಡಿಸಿ. ಆ ತಂತಿ ಪ್ರೊಜೆಕ್ಟರಿನಿಂದ ಪರದೆಯವರೆಗೆ ಹೋಗಬೇಕು, ಉದ್ದ ಮೊದಲೇ ಅಳೆದುಕೊಳ್ಳಿ. ಇಲಿ ಓಡಾಡುವ ಮನೆಯಾದರೆ ಪಿವಿಸಿ ಪೈಪಿನೊಳಗೆ ಎಳೆಯಿರಿ.

ಒಟ್ಟು ಮೂವತ್ತು ಸಾವಿರ ಇದ್ದರೆ ನಾನಾದರೆ ಪ್ರೊಜೆಕ್ಟರಿಗೆ ಹದಿನೆಂಟು-ಇಪ್ಪತ್ತು ಇಟ್ಟು, ಮಿಕ್ಕಿದ್ದನ್ನು ಕರ್ಟನ್, ಬಣ್ಣ, ಸ್ಪೀಕರ್, ಸ್ಟಿಕ್, ತಂತಿಗೆ ಹಂಚುತ್ತೇನೆ.

8. ಕರೆಂಟು ಮತ್ತು ಸಿಡಿಲು

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೇನು ಹೊಸದಲ್ಲ. ಎಲ್‌ಇಡಿ ಪ್ರೊಜೆಕ್ಟರ್ ಸುಮಾರು ನೂರು ವ್ಯಾಟಿನ ಆಸುಪಾಸು ಎಳೆಯುತ್ತದೆ, ಬಲ್ಬಿನದು 250-300 ವ್ಯಾಟ್. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತದೆ, ಅರ್ಧ ಕೈಗೆ ಸಿಕ್ಕರೂ ಎಲ್‌ಇಡಿಯಲ್ಲಿ ಎರಡೂವರೆ ಗಂಟೆಯ ಸಿನಿಮಾ ಧಾರಾಳ ಮುಗಿಯುತ್ತದೆ. ಇನ್ವರ್ಟರ್ ‘ಪ್ಯೂರ್ ಸೈನ್ ವೇವ್’ ಆಗಿರಲಿ. ಹಳೇ ಸ್ಕ್ವೇರ್ ವೇವ್‌ನಲ್ಲಿ ಸ್ಪೀಕರ್ ಗುಂಯ್‌ಗುಡುತ್ತದೆ, ಅಡಾಪ್ಟರ್ ಬಿಸಿಯಾಗುತ್ತದೆ.

ಕರೆಂಟು ಹೋದಾಗ ಪ್ರೊಜೆಕ್ಟರ್ ಆರಿ ಮತ್ತೆ ಶುರುವಾಗುತ್ತಿದ್ದರೆ ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಮೋಡ್‌ಗೆ ಹಾಕಿ. ಬದಲಾವಣೆ ಬೇಗ ಆಗುತ್ತದೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ಲೈನ್ ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಸಂಜೆ ಪಂಪು ಓಡಿ ವೋಲ್ಟೇಜ್ ಬೀಳುವ ಹಳ್ಳಿಗಳಲ್ಲಿ ಗೊತ್ತಾಗದಂತೆ ಬ್ಯಾಟರಿ ಖಾಲಿಯಾಗಿರುತ್ತದೆ. ಸಿನಿಮಾ ಮುಗಿದ ಮೇಲೆ ಸ್ವಿಚ್ ಹಿಂದಕ್ಕೆ ಹಾಕಿ. ಬಲ್ಬಿನ ಪ್ರೊಜೆಕ್ಟರಿಗಂತೂ ಇನ್ವರ್ಟರ್ ಇಲ್ಲದೆ ಆಗುವುದಿಲ್ಲ. ಫಕ್ಕನೆ ಕರೆಂಟು ಹೋದರೆ ಫ್ಯಾನ್ ನಿಲ್ಲುತ್ತದೆ, ಕಾದ ಬಲ್ಬು ತಣಿಯದೆ ಅದರ ಆಯುಸ್ಸು ಕಡಿಮೆಯಾಗುತ್ತದೆ.

ಸಿಡಿಲಿನ ಹೊತ್ತು ನಮ್ಮಲ್ಲಿ ಮುಖ್ಯವಾಗಿ ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಮತ್ತು ಹಿಂಗಾರಿನ ಅಕ್ಟೋಬರ್. ಗುಡುಗು ಶುರುವಾದರೆ ಸ್ವಿಚ್ ಆರಿಸುವುದು ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಡಿಶ್‌ನ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಪ್ರೊಜೆಕ್ಟರಿಗೆ ಬಂದಿರುತ್ತದೆ. ಮಾಡಿನ ಮೇಲಿನ ಡಿಶ್‌ಗೆ ಹೊಡೆದ ಸಿಡಿಲಿಗೆ ಅದೇ ದಾರಿ. ಅದನ್ನೂ ಬಿಡಿಸಿ.

9. ಕೊಳ್ಳುವುದು, ಪರೀಕ್ಷಿಸುವುದು

ಪೆನ್‌ಡ್ರೈವ್‌ನಲ್ಲಿ ಮೂರು ಸಂಗತಿ ಹಾಕಿಕೊಂಡು ಹೋಗಿ: ರಾತ್ರಿಯ ದೃಶ್ಯ ಇರುವ ಒಂದು ವಿಡಿಯೋ, ಪೂರಾ ಬಿಳಿಯ ಮತ್ತು ಪೂರಾ ಕಪ್ಪಿನ ಚಿತ್ರ, ನಾಲ್ಕೂ ಮೂಲೆಯಲ್ಲಿ ಸಣ್ಣ ಕನ್ನಡ ಅಕ್ಷರ ಇರುವ ಒಂದು ಚಿತ್ರ. ನಮ್ಮ ಒತ್ತಕ್ಷರಗಳು ಮೂಲೆಯಲ್ಲೂ ಬಿಡಿಬಿಡಿಯಾಗಿ ಓದಲು ಬಂದರೆ ಲೆನ್ಸು ಪರವಾಗಿಲ್ಲ. ಅಂಗಡಿಯವರು ತಮ್ಮದೇ ಹೂವು, ಗಿಳಿಗಳ ವಿಡಿಯೋ ತೋರಿಸುತ್ತಾರೆ. ಅದರಲ್ಲಿ ಯಾವ ಪ್ರೊಜೆಕ್ಟರೂ ಕೆಟ್ಟದಾಗಿ ಕಾಣುವುದಿಲ್ಲ. ಫ್ಯಾನಿನ ಸದ್ದನ್ನು ಅಂಗಡಿಯ ಗಲಾಟೆಯಲ್ಲಿ ತೂಗಲು ಬರುವುದಿಲ್ಲ, ಕಿವಿ ಹತ್ತಿರ ಇಟ್ಟು ಕೇಳಿ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಡಬ್ಬಿ ಒಡೆಯುವುದನ್ನು ವಿಡಿಯೋ ಮಾಡಿಕೊಳ್ಳಿ, ವಾಪಸ್ ಕೊಡುವ ಗಡುವಿನೊಳಗೆ ಕನಿಷ್ಠ ಎರಡು ಪೂರ್ತಿ ಸಿನಿಮಾ ನೋಡಿ. ಬಿಸಿಯಾದ ಮೇಲೆ ಫೋಕಸ್ ಜಾರುವುದು, ತಾನಾಗಿ ಆರುವುದು ಇವೆಲ್ಲ ಕಾಣುವುದು ಒಂದು ಗಂಟೆ ದಾಟಿದ ಮೇಲೆ.

ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೊಳ್ಳುವ ಮುಂಚೆ ಕೇಳಿ. ‘ಶಿವಮೊಗ್ಗದಲ್ಲೇ ಇದೆ’ ಅಂದರೆ ವಿಳಾಸ ತಗೊಂಡು ಒಮ್ಮೆ ಫೋನ್ ಮಾಡಿ, ಎಷ್ಟೋ ಸಲ ಅದು ಪಾರ್ಸೆಲ್ ಪಡೆದು ಬೆಂಗಳೂರಿಗೆ ಕಳಿಸುವ ಜಾಗವಷ್ಟೇ ಆಗಿರುತ್ತದೆ. ಮೂಲ ಡಬ್ಬಿ, ಥರ್ಮೋಕೋಲ್ ಎಸೆಯಬೇಡಿ, ಕೊರಿಯರಿಗೆ ಬೇಕಾಗುತ್ತದೆ. ಜಿಎಸ್‌ಟಿ ಬಿಲ್ ಇಲ್ಲದೆ ತಗೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಹಳೇ ದಾಸ್ತಾನಿನ ಮೇಲೆ ಹಳೇ ಬೆಲೆ ಹೇಳಿದರೆ ಚೌಕಾಸಿ ಮಾಡಿ.

10. ಮಳೆಗಾಲ ದಾಟಿಸುವುದು

ಶಿಕಾರಿಪುರ, ಶಿವಮೊಗ್ಗದ ಕಡೆಯವರು ಮಳೆಗಾಲದ ಈ ಜೋಪಾನವನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಬಹುದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನವರು, ಹೊಸನಗರದ ಘಟ್ಟದಂಚಿನವರು ತಪ್ಪದೆ ಮಾಡಬೇಕು. ಕ್ಯಾಮೆರಾ ಲೆನ್ಸಿಗೆ ಹಿಡಿಯುವ ಬೂಷ್ಟೇ ಪ್ರೊಜೆಕ್ಟರಿಗೂ ಹಿಡಿಯುತ್ತದೆ, ಒಳಗೆ ಹಿಡಿದರೆ ಒರೆಸಲು ಕೈ ಹೋಗುವುದಿಲ್ಲ.

ಅತಿ ಸುಲಭದ ಮದ್ದು ಬಳಸುತ್ತಿರುವುದು. ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿದರೆ ತನ್ನ ಬಿಸಿಗೆ ತಾನೇ ಒಣಗುತ್ತದೆ. ಎತ್ತಿಡುವುದಾದರೆ ಪೂರಾ ತಣಿದ ಮೇಲೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಶೂ ಡಬ್ಬಿಯಲ್ಲಿ ಬರುವ ಒಂದು ಪುಡಿಕೆ ಸಾಲದು, ಕಾಲು ಕೆಜಿಯಾದರೂ ಬೇಕು. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಅಂತ. ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟ್‌ನದು, ವಿಷ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಹರಳು ಮಕ್ಕಳ ಕೈಗೆ ಸಿಗದಿರಲಿ.

ಹೊಡತಲು, ಬಚ್ಚಲ ಒಲೆ, ಅಡಿಕೆ ಬೇಯಿಸುವ ಜಾಗದ ಹತ್ತಿರ ‘ಬೆಚ್ಚಗಿರುತ್ತೆ’ ಅಂತ ಇಡಬೇಡಿ. ಹೊಗೆಯ ಜಿಡ್ಡು ಲೆನ್ಸಿಗೆ ಕೂತರೆ ಬಿಡಿಸುವುದು ಕಷ್ಟ. ಲೆನ್ಸನ್ನು ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದಲೇ ಒರೆಸಿ, ಅದೂ ಮೊದಲು ರಬ್ಬರ್ ಬ್ಲೋವರಿನಿಂದ ಧೂಳು ಊದಿದ ಮೇಲೆ. ಪಂಚೆಯ ತುದಿ, ಬನಿಯನ್ ಬಟ್ಟೆ ಬೇಡ. ಗಾಳಿ ಎಳೆಯುವ ಕಡೆ ಫಿಲ್ಟರ್ ಇದ್ದರೆ ತಿಂಗಳಿಗೊಮ್ಮೆ ತೆಗೆದು ಕೊಡವಿ.

ಬಹಳ ದಿನ ಮುಚ್ಚಿಟ್ಟದ್ದನ್ನು ತೆಗೆದ ಕೂಡಲೇ ಸ್ವಿಚ್ ಹಾಕಬೇಡಿ. ಕೋಣೆಯಲ್ಲಿ ಒಂದೆರಡು ಗಂಟೆ ಹಾಗೇ ಇಡಿ, ಲೆನ್ಸಿನ ಮೇಲೆ ಮಂಜು ಕಟ್ಟಿದ್ದರೆ ತಾನಾಗಿ ಆರಲಿ. ಗಾಳಿ ಹೋಗುವ ಕಿಂಡಿಗಳಿಗೆ ಟಾರ್ಚ್ ಬಿಟ್ಟು ನೋಡಿ, ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುವುದುಂಟು. ಇದ್ದರೆ ಕಡ್ಡಿ ಹಾಕಿ ಕೆದಕಬೇಡಿ, ಮಣ್ಣು ಉದುರಿ ಫ್ಯಾನಿಗೆ ಹೋಗುತ್ತದೆ. ಮೆಕ್ಯಾನಿಕ್ ಹತ್ತಿರ ಕವಚ ಬಿಚ್ಚಿಸಿ ತೆಗೆಸಿ.